ಮಾತ್ರೆ ಬಿಡುವ ತೀರ್ಮಾನಕ್ಕೂ ಪುರಾವೆ ಬೇಕು

2025ರ ಜೂನ್ ಮತ್ತು ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಬೆನ್ನಿಗೆ ಒಂದು ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಅಂಕಿಅಂಶಗಳನ್ನು ತಾಳೆ ನೋಡಿ, ಅಸಹಜ ಏರಿಕೆಯೇನೂ ಆಗಿಲ್ಲ ಎಂದು ವರದಿ ಕೊಟ್ಟಿತು. ಸಾಲಿನಲ್ಲಿ ನಿಂತವರನ್ನು ಹಂಗಿಸಬೇಕಾಗಿಲ್ಲ. ಪಕ್ಕದ ಊರಿನ ಹರೆಯದ ಹುಡುಗ ಕುಸಿದುಬಿದ್ದ ಎಂದು ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಹೃದಯಾಘಾತಕ್ಕೆ ಇಷ್ಟು ಹೆದರುವ ನಮ್ಮಲ್ಲೇ, ಅದನ್ನು ತಡೆಯಬಲ್ಲ ಮಾತ್ರೆಯ ಬಗೆಗೂ ಅಷ್ಟೇ ಭಯ ಬೇರೂರಿದೆ. ವೈದ್ಯರು ಬರೆದುಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನು ಒಂದೆರಡು ತಿಂಗಳು ನುಂಗಿ, ಕಾಲು ಸೆಳೆತ ಬಂತೆಂದೋ, ಲಿವರ್ ಹಾಳಾಗುತ್ತದೆಂದು ಯಾರೋ ಹೇಳಿದರೆಂದೋ, ರಿಪೋರ್ಟ್ ನಾರ್ಮಲ್ ಬಂತಲ್ಲ ಇನ್ನೇಕೆ ಎಂದೋ ಸದ್ದಿಲ್ಲದೆ ಬಿಟ್ಟುಬಿಡುವವರು ಹಲವರು. ಮಾತ್ರೆ ಶುರುವಾಗುವಾಗ ಚೀಟಿಯ ಮೇಲೆ ಒಬ್ಬ ವೈದ್ಯರ ಸಹಿಯಾದರೂ ಇರುತ್ತದೆ. ನಿಲ್ಲುವಾಗ ಯಾರ ಸಹಿಯೂ ಇರುವುದಿಲ್ಲ. ನಿಲ್ಲಿಸುವುದೂ ಒಂದು ಚಿಕಿತ್ಸಾ ತೀರ್ಮಾನವೇ. ಶುರು ಮಾಡಲು ಎಷ್ಟು ಪುರಾವೆ ಕೇಳುತ್ತೇವೋ, ಬಿಡುವುದಕ್ಕೂ ಅಷ್ಟೇ ಪುರಾವೆ ಕೇಳಬೇಕು.

ಮೊದಲು ಮಾತ್ರೆಯ ಜಾತಕ ನೋಡೋಣ. ರಕ್ತದಲ್ಲಿ ಓಡಾಡುವ ಕೊಲೆಸ್ಟ್ರಾಲಿನಲ್ಲಿ ಎಲ್‌ಡಿಎಲ್ ಎಂಬ ಬಗೆ ರಕ್ತನಾಳದ ಗೋಡೆಯೊಳಗೆ ವರ್ಷಾನುಗಟ್ಟಲೆ ಸೇರಿಕೊಳ್ಳುತ್ತಾ ಹೋಗುತ್ತದೆ. ಹಾಗೆ ಕಟ್ಟಿಕೊಂಡ ಗಡ್ಡೆ ಒಂದು ದಿನ ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಹೃದಯಾಘಾತವೋ ಪಾರ್ಶ್ವವಾಯುವೋ ಆಗುತ್ತದೆ. ಸ್ಟ್ಯಾಟಿನ್ ಗುಂಪಿನ ಔಷಧಿಗಳು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ತಡೆಯುತ್ತವೆ. ಕೊರತೆ ಬಿದ್ದ ಲಿವರ್ ರಕ್ತದಿಂದ ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೂಷ್ಟಿನಲ್ಲಿ ಈ ಗುಣದ ಮೊದಲ ವಸ್ತುವನ್ನು ಕಂಡುಹಿಡಿದರು. ಅಮೆರಿಕದಲ್ಲಿ 1987ರಲ್ಲಿ ಲೊವಾಸ್ಟ್ಯಾಟಿನ್‌ಗೆ ಅನುಮತಿ ಸಿಕ್ಕಿತು. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗ ಸಂಶಯಗಳಿಗೆ ದೊಡ್ಡ ಉತ್ತರ ಕೊಟ್ಟಿತು. ಐದು ವರ್ಷಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 256 ಮಂದಿ ಸತ್ತರೆ, ಸಿಮ್ವಾಸ್ಟ್ಯಾಟಿನ್ ನುಂಗಿದವರಲ್ಲಿ ಸತ್ತವರು 182. ಅಲ್ಲಿಂದೀಚೆಗೆ ಲಕ್ಷಾಂತರ ಜನರನ್ನು ಒಳಗೊಂಡ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಲೆಕ್ಕ ಕದಲಿಲ್ಲ: ಎಲ್‌ಡಿಎಲ್ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸುಮಾರು 39 ಮಿಲಿಗ್ರಾಂನಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಪತ್ತುಗಳು ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತವೆ.

ಲಾಭದ ಲೆಕ್ಕ ಹೇಳಿ ನಷ್ಟದ ಲೆಕ್ಕ ಬಚ್ಚಿಟ್ಟರೆ ಅದು ಜಾಹೀರಾತಾಗುತ್ತದೆ. 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಸ್ತಾರವಾದ ಪರಾಮರ್ಶೆ ಎರಡನ್ನೂ ಒಂದೇ ಅಳತೆಯಲ್ಲಿ ಇಟ್ಟಿತು. ಹತ್ತು ಸಾವಿರ ಜನ ಪರಿಣಾಮಕಾರಿ ಪ್ರಮಾಣದ ಸ್ಟ್ಯಾಟಿನ್ ಅನ್ನು ಐದು ವರ್ಷ ನುಂಗಿ, ಎಲ್‌ಡಿಎಲ್ ಸುಮಾರು 77 ಮಿಲಿಗ್ರಾಂನಷ್ಟು ಇಳಿದರೆ ಏನಾಗುತ್ತದೆ? ಅವರಿಗೆ ಆಗಲೇ ಹೃದ್ರೋಗವೋ ಪಾರ್ಶ್ವವಾಯುವೋ ಆಗಿದ್ದರೆ ಸುಮಾರು 1,000 ಮಂದಿಗೆ ಮತ್ತೊಂದು ದೊಡ್ಡ ಆಪತ್ತು ತಪ್ಪುತ್ತದೆ. ಕಾಯಿಲೆ ಇನ್ನೂ ಬರದ, ಆದರೆ ಅಪಾಯ ಹೆಚ್ಚಿರುವವರಾದರೆ ಸುಮಾರು 500 ಮಂದಿಗೆ ತಪ್ಪುತ್ತದೆ. ಇದಕ್ಕೆ ತೆರುವ ಬೆಲೆ: ಸುಮಾರು 5 ಮಂದಿಗೆ ಸ್ನಾಯುಗಳ ಗಂಭೀರ ತೊಂದರೆ, 50ರಿಂದ 100 ಮಂದಿಗೆ ಹೊಸದಾಗಿ ಮಧುಮೇಹ, 5ರಿಂದ 10 ಮಂದಿಗೆ ಮೆದುಳಿನ ರಕ್ತಸ್ರಾವ. ಜೊತೆಗೆ 50ರಿಂದ 100 ಮಂದಿಗೆ ಮೈಕೈ ನೋವಿನಂಥ ಕಿರಿಕಿರಿ. ಹಾನಿ ಇಲ್ಲವೆಂದು ಈ ಲೆಕ್ಕ ಹೇಳುವುದಿಲ್ಲ. ಯಾರಿಗೆ ಅಪಾಯ ಹೆಚ್ಚೋ ಅವರಿಗೆ ಲಾಭದ ತಕ್ಕಡಿ ಎಷ್ಟು ತೂಗುತ್ತದೆ ಎಂಬುದನ್ನು ಹೇಳುತ್ತದೆ. ಹಾಗಾಗಿ ‘ಸ್ಟ್ಯಾಟಿನ್ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಯಾರಿಗೆ, ಯಾವ ಪ್ರಮಾಣದಲ್ಲಿ, ಯಾವ ಗುರಿಗೆ ಎಂದು ಕೇಳಬೇಕು.

ಈ ಕೇಳ್ವಿಕೆ ಶುರುವಾಗುವ ಹೊತ್ತಿಗೇ ನಮ್ಮ ಕೈಯಲ್ಲಿರುವ ಲ್ಯಾಬ್ ರಿಪೋರ್ಟ್ ದಾರಿ ತಪ್ಪಿಸುತ್ತದೆ. ‘ಲಿಪಿಡ್ ಪ್ರೊಫೈಲ್’ ಎಂಬ ಹಾಳೆಯಲ್ಲಿ ಎಡಕ್ಕೆ ಪರೀಕ್ಷೆಯ ಹೆಸರು, ನಡುವೆ ನಮ್ಮ ಅಂಕಿ, ಬಲಕ್ಕೆ ‘ಸಾಮಾನ್ಯ ಮಟ್ಟ’ ಎಂಬ ಇನ್ನೊಂದು ಅಂಕಿ. ನಮ್ಮದು ಬಲಗಡೆಯದರೊಳಗೆ ಇದ್ದರೆ ನಿಶ್ಚಿಂತೆ, ದಾಟಿದರೆ ದಪ್ಪಕ್ಷರದಲ್ಲಿ ಅಚ್ಚಾಗಿ ಗಾಬರಿ. ಆ ಬಲಗಡೆಯ ಅಂಕಿ ಮುದ್ರಿಸಿದವರಿಗೆ ನಿಮಗೆ ಸ್ಟೆಂಟ್ ಹಾಕಿದೆಯೇ, ಶುಗರ್ ಇದೆಯೇ, ಬೀಡಿ ಸೇದುತ್ತೀರಾ ಎಂಬುದು ಗೊತ್ತಿರುವುದಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿದೆ. ಅಪಾಯ ಕಡಿಮೆ ಇರುವವರ ಎಲ್‌ಡಿಎಲ್ 100ಕ್ಕಿಂತ ಕೆಳಗಿರಬೇಕು. ಮಧುಮೇಹ, ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿರುವವರಿಗೆ 70ಕ್ಕಿಂತ ಕೆಳಗೆ. ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಂಥ ಅತಿ ಹೆಚ್ಚಿನ ಅಪಾಯದ ಗುಂಪಿಗೆ 55ಕ್ಕಿಂತ ಕೆಳಗೆ. ಅಂದರೆ ಸ್ಟೆಂಟ್ ಹಾಕಿಸಿಕೊಂಡವರ ರಿಪೋರ್ಟಿನಲ್ಲಿ 95 ಎಂದಿದ್ದರೆ, ಹಾಳೆಯ ಪ್ರಕಾರ ಅದು ನಾರ್ಮಲ್, ಹೃದಯದ ಪ್ರಕಾರ ಅಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಸಾಮಾನ್ಯ. ಮಾತ್ರೆ ನುಂಗುತ್ತಿರುವಾಗ ಬಂದ ಒಳ್ಳೆಯ ರಿಪೋರ್ಟು ಮಾತ್ರೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು, ಮಾತ್ರೆ ಬೇಡ ಎಂಬುದಕ್ಕಲ್ಲ. ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ವಾಪಸಾಗುತ್ತದೆ.

ಯಾರಿಗೆ ಬೇಕು ಎಂಬುದು ತೀರ್ಮಾನವಾದ ಮೇಲೆ ಯಾವುದು ಬೇಕು ಎಂಬ ಪ್ರಶ್ನೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಬಹುಪಾಲು ಮಾರಾಟವಾಗುವುದು ಅಟೊರ್ವಾಸ್ಟ್ಯಾಟಿನ್ ಮತ್ತು ರೊಸುವಾಸ್ಟ್ಯಾಟಿನ್. ಅಟೊರ್ವಾಸ್ಟ್ಯಾಟಿನ್ 40–80 ಮಿಲಿಗ್ರಾಂ ಅಥವಾ ರೊಸುವಾಸ್ಟ್ಯಾಟಿನ್ 20–40 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ತರಬಲ್ಲವು. ಅಟೊರ್ವಾಸ್ಟ್ಯಾಟಿನ್ 10–20, ರೊಸುವಾಸ್ಟ್ಯಾಟಿನ್ 5–10 ಆದರೆ ಇಳಿಕೆ ಶೇ 30ರಿಂದ 49ರಷ್ಟು. ಪ್ರಮಾಣವನ್ನು ದುಪ್ಪಟ್ಟು ಮಾಡಿದಾಗ ಸಿಗುವ ಹೆಚ್ಚುವರಿ ಇಳಿಕೆ ಶೇ 6ರ ಆಸುಪಾಸು ಮಾತ್ರ. ದೊಡ್ಡ ಕೆಲಸವೆಲ್ಲ ಸಣ್ಣ ಪ್ರಮಾಣದಲ್ಲೇ ಮುಗಿದಿರುತ್ತದೆ ಎಂಬ ಈ ಸಂಗತಿ, ತೊಂದರೆಯಾದವರಿಗೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಮೂತ್ರಪಿಂಡ ಬಹಳ ದುರ್ಬಲವಾಗಿದ್ದವರಿಗೆ ರೊಸುವಾಸ್ಟ್ಯಾಟಿನ್ ಪ್ರಮಾಣ ಇಳಿಸಬೇಕು, ಅಟೊರ್ವಾಸ್ಟ್ಯಾಟಿನ್‌ಗೆ ಆ ಕಟ್ಟುಪಾಡಿಲ್ಲ. ಏಷ್ಯಾದವರ ರಕ್ತದಲ್ಲಿ ರೊಸುವಾಸ್ಟ್ಯಾಟಿನ್ ಮಟ್ಟ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಏರುವುದು ಕಂಡುಬಂದಿರುವುದರಿಂದ, ಅವರಿಗೆ 5 ಮಿಲಿಗ್ರಾಂನಿಂದ ಶುರು ಮಾಡಿ ಎಂದು ಅಮೆರಿಕದ ಔಷಧ ನಿಯಂತ್ರಕರೇ ಸೂಚಿಸಿದ್ದಾರೆ. ಅಟೊರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ನುಂಗುವವರು ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೊಟಿಕ್, ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಮಾತ್ರೆಗಳನ್ನು ಜೊತೆಗೆ ತೆಗೆದುಕೊಂಡರೆ ಸ್ಟ್ಯಾಟಿನ್ ಮಟ್ಟ ರಕ್ತದಲ್ಲಿ ಏರಿ ಸ್ನಾಯುಗಳಿಗೆ ಏಟು ಬೀಳಬಹುದು. ಚರ್ಮದ ಡಾಕ್ಟರ ಬಳಿ ಹೋದಾಗ ಹೃದಯದ ಡಾಕ್ಟರ ಚೀಟಿಯನ್ನೂ ತೋರಿಸಬೇಕು ಎನ್ನುವುದು ಇದಕ್ಕೇ.

ಈಗ ಎಲ್ಲರ ಬಾಯಲ್ಲಿರುವ ದೂರಿಗೆ ಬರೋಣ: ಸ್ನಾಯುನೋವು. ಮಾತ್ರೆ ಬಿಟ್ಟವರು ಹೆಚ್ಚಾಗಿ ಹೇಳುವ ಕಾರಣ ಇದೇ. ಸುಮಾರು 1 ಲಕ್ಷ 24 ಸಾವಿರ ಜನರು ಭಾಗವಹಿಸಿದ್ದ 19 ಪ್ರಯೋಗಗಳ ಮೂಲ ದಾಖಲೆಗಳನ್ನು ಮತ್ತೆ ತೆರೆದು ನೋಡಿದ ವಿಶ್ಲೇಷಣೆ 2022ರಲ್ಲಿ ಪ್ರಕಟವಾಯಿತು. ಈ ಪ್ರಯೋಗಗಳಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹುಸಿ ಮಾತ್ರೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷಕ್ಕೆ ಮಿಕ್ಕ ಅವಧಿಯಲ್ಲಿ ಸ್ಟ್ಯಾಟಿನ್ ನುಂಗಿದವರಲ್ಲಿ ಶೇ 27.1 ಜನ ಸ್ನಾಯುನೋವು ಅಥವಾ ನಿಶ್ಶಕ್ತಿ ಹೇಳಿಕೊಂಡರು. ಹುಸಿ ಮಾತ್ರೆ ನುಂಗಿದವರಲ್ಲಿ ಹೇಳಿಕೊಂಡವರು ಶೇ 26.6. ಮೊದಲ ವರ್ಷದಲ್ಲಿ ಮಾತ್ರ ಸಣ್ಣ ಅಂತರ ಕಂಡಿತು: ಸಾವಿರ ಜನರಲ್ಲಿ ಹೆಚ್ಚುವರಿಯಾಗಿ 11 ಮಂದಿಗೆ ನೋವು. ಆ ಮೊದಲ ವರ್ಷದಲ್ಲೂ ಸ್ಟ್ಯಾಟಿನ್ ನುಂಗುತ್ತಾ ನೋವು ಎನ್ನುವ ಹದಿನೈದು ಜನರಲ್ಲಿ ಒಬ್ಬರಿಗಷ್ಟೇ ಅದು ಸ್ಟ್ಯಾಟಿನ್‌ನಿಂದ ಬಂದದ್ದು ಎಂದು ಸಂಶೋಧಕರು ಲೆಕ್ಕ ಹಾಕಿದರು. ನಡುವಯಸ್ಸು ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಯಾವ ಮಾತ್ರೆ ನುಂಗದಿದ್ದರೂ ಮೈಕೈ ನೋವು ಇದ್ದೇ ಇರುತ್ತದೆ ಎಂಬುದೇ ಇಲ್ಲಿರುವ ಸರಳ ಸತ್ಯ.

ಈ ಪ್ರಯೋಗಗಳ ಮೇಲೆ ಒಂದು ನ್ಯಾಯವಾದ ಆಕ್ಷೇಪವಿದೆ. ಕೆಲವು ಪ್ರಯೋಗಗಳಲ್ಲಿ ಮೊದಲ ಕೆಲವು ವಾರ ಎಲ್ಲರಿಗೂ ಔಷಧಿ ಕೊಟ್ಟು, ಒಗ್ಗದವರನ್ನು ಆಗಲೇ ಹೊರಗಿಟ್ಟಿದ್ದರು. ನೋವು ಆಗುವವರನ್ನು ಬಿಟ್ಟು ನೋವು ಕಡಿಮೆ ಎಂದರೆ ಏನು ಬಂತು? ಇದಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ‘ಸ್ಯಾಮ್ಸನ್’ ಪ್ರಯೋಗ ನೇರವಾಗಿ ಉತ್ತರಿಸುತ್ತದೆ. ಅದಕ್ಕೆ ಸೇರಿಸಿಕೊಂಡದ್ದೇ ಅಡ್ಡ ಪರಿಣಾಮ ತಾಳಲಾರದೆ ಎರಡೇ ವಾರದೊಳಗೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು. ಪ್ರತಿಯೊಬ್ಬರಿಗೂ ಹನ್ನೆರಡು ಬಾಟಲಿಗಳು, ತಿಂಗಳಿಗೊಂದರಂತೆ. ನಾಲ್ಕರಲ್ಲಿ ಅಟೊರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ, ನಾಲ್ಕರಲ್ಲಿ ನೋಡಲು ಅದೇ ಥರದ ಹುಸಿ ಮಾತ್ರೆ, ಇನ್ನು ನಾಲ್ಕು ಖಾಲಿ. ದಿನದಿನವೂ ಅವರು ತಮ್ಮ ತೊಂದರೆಗೆ ಮೊಬೈಲಿನಲ್ಲಿ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕಿತ್ತು. ಖಾಲಿ ಬಾಟಲಿಯ ತಿಂಗಳುಗಳ ಸರಾಸರಿ ಅಂಕ 8, ಸ್ಟ್ಯಾಟಿನ್ ತಿಂಗಳುಗಳದ್ದು 16.3, ಹುಸಿ ಮಾತ್ರೆಯ ತಿಂಗಳುಗಳದ್ದು 15.4. ಮಾತ್ರೆ ನುಂಗಿದಾಗ ಏರಿದ ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಹುಸಿ ಮಾತ್ರೆಯಿಂದಲೂ ಬಂದಿತ್ತು. ಇನ್ನೂ ಗಮನಿಸಬೇಕಾದ ಅಂಶ, ಬಿಟ್ಟ ತಕ್ಷಣ ನೋವು ಇಳಿಯುವುದು ಎರಡರಲ್ಲೂ ಒಂದೇ ಥರ ಇತ್ತು. ‘ಬಿಟ್ಟೆ, ನೋವು ಹೋಯಿತು, ಇನ್ನೇನು ಸಾಕ್ಷಿ ಬೇಕು?’ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಕೂರುತ್ತದೋ, ಸಾಕ್ಷಿಯಾಗಿ ಅದು ಅಷ್ಟೇ ದುರ್ಬಲ. ತಮ್ಮ ತಮ್ಮ ಅಂಕಗಳನ್ನು ಕಣ್ಣಾರೆ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು.

‘ಹಾಗಾದರೆ ನೋವೆಲ್ಲ ನಮ್ಮ ಭ್ರಮೆಯೇ?’ ಎಂದು ರೋಗಿಗಳು ಸಿಟ್ಟಾದರೆ ಅದು ಸಹಜ. ವೈದ್ಯರು ಈ ಅಂಕಿಗಳನ್ನು ಬಾಯಿ ಮುಚ್ಚಿಸಲು ಬಳಸಿದರೆ ಅದು ವಿಜ್ಞಾನಕ್ಕೂ ಅನ್ಯಾಯ. ಹುಸಿ ಮಾತ್ರೆಯಿಂದ ಬಂದ ನೋವೂ ನೋವೇ, 15.4 ಎಂದು ಬರೆದವರು ಸುಳ್ಳು ಬರೆಯಲಿಲ್ಲ. ಕೆಡುಕಾಗಬಹುದೆಂಬ ನಿರೀಕ್ಷೆಯೇ ದೇಹದಲ್ಲಿ ತೊಂದರೆ ಹುಟ್ಟಿಸಬಲ್ಲದು, ಅಲ್ಲದೆ ಮೊದಲೇ ಇದ್ದ ಸಣ್ಣಪುಟ್ಟ ನೋವಿನತ್ತ ಗಮನ ಹರಿದು ಅದು ದೊಡ್ಡದಾಗಿ ಕಾಣುತ್ತದೆ. ಇದರ ನಡುವೆ ನಿಜವಾಗಿಯೂ ಸ್ಟ್ಯಾಟಿನ್‌ನಿಂದಲೇ ಸ್ನಾಯು ಕೆಡುವ ಕೆಲವರೂ ಇದ್ದಾರೆ. ಕೆಲವರ ವಂಶವಾಹಿಯ ರಚನೆಯೇ ಅದಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು, ವಿಶೇಷವಾಗಿ ಸಿಮ್ವಾಸ್ಟ್ಯಾಟಿನ್ 80 ಮಿಲಿಗ್ರಾಂ ನುಂಗಿದವರಲ್ಲಿ, 2008ರಲ್ಲೇ ಸಾಬೀತಾಗಿದೆ. ಆ ಪ್ರಮಾಣದ ಬಳಕೆಯನ್ನು ಅಮೆರಿಕ 2011ರಲ್ಲಿ ಬಹುಮಟ್ಟಿಗೆ ನಿರ್ಬಂಧಿಸಿತು. ಒಬ್ಬ ವ್ಯಕ್ತಿಯ ತೊಡೆಯ ನೋವು ಆ ಹದಿನಾಲ್ಕರಲ್ಲಿ ಒಂದೋ, ಹದಿನೈದನೆಯದೋ ಎಂದು ಸರಾಸರಿ ಅಂಕಿಗಳು ಹೇಳಲಾರವು. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು. ‘ಏನೂ ಆಗಲ್ಲ, ಸುಮ್ಮನೆ ನುಂಗಿ’ ಎನ್ನುವ ವೈದ್ಯರೂ ‘ನನಗೆ ಆಗಲ್ಲ’ ಎಂದು ಮಾತ್ರೆ ಎಸೆಯುವ ರೋಗಿಯೂ ಮಾಡುವ ತಪ್ಪು ಒಂದೇ. ಇಬ್ಬರೂ ಪರೀಕ್ಷಿಸದೆ ತೀರ್ಪು ಕೊಡುತ್ತಾರೆ.

ಪರೀಕ್ಷೆ ಕಷ್ಟದ್ದೇನಲ್ಲ. ಮೊದಲು ನೋವಿನ ಸ್ವಭಾವ ನೋಡಬೇಕು. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ತೊಡೆ, ಪೃಷ್ಠ, ಮೀನಖಂಡ, ಭುಜಗಳಲ್ಲಿ ಎರಡೂ ಕಡೆ ಸಮನಾಗಿ, ಮಾತ್ರೆ ಶುರುವಾದ ಅಥವಾ ಪ್ರಮಾಣ ಏರಿಸಿದ ವಾರಗಳಲ್ಲಿ ಬರುತ್ತದೆ. ಒಂದೇ ಮಂಡಿಯ ನೋವು, ಬಹಳ ವರ್ಷದ ಸೊಂಟನೋವಿಗೆ ಮಾತ್ರೆಯನ್ನು ದೂರುವುದು ಕಷ್ಟ. ಆಮೇಲೆ ಸ್ನಾಯು ಹಾನಿಯನ್ನು ಸೂಚಿಸುವ ಸಿಕೆ ಎಂಬ ರಕ್ತಪರೀಕ್ಷೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಕೊರತೆ ಕೊಲೆಸ್ಟ್ರಾಲನ್ನೂ ಏರಿಸುತ್ತದೆ, ಸ್ನಾಯುನೋವನ್ನೂ ತರುತ್ತದೆ. ಅದನ್ನು ಸರಿಪಡಿಸಿದರೆ ಎರಡೂ ಇಳಿಯಬಹುದು. ಬೇರೆ ಕಾರಣ ಸಿಗದಿದ್ದರೆ ವೈದ್ಯರ ಸಲಹೆಯಂತೆ ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸಿ ನೋಡಬೇಕು, ನೋವು ಇಳಿದರೆ ಮತ್ತೆ ಕೊಟ್ಟು ನೋಡಬೇಕು. ಮತ್ತೆ ಬಂದರೆ ಕಡಿಮೆ ಪ್ರಮಾಣ, ಅದೂ ಆಗದಿದ್ದರೆ ಬೇರೊಂದು ಸ್ಟ್ಯಾಟಿನ್, ಅದೂ ಒಗ್ಗದಿದ್ದರೆ ದಿನ ಬಿಟ್ಟು ದಿನ ರೊಸುವಾಸ್ಟ್ಯಾಟಿನ್. ಹೀಗೆ ಹಂತ ಹಂತವಾಗಿ ಹೋದಾಗ ‘ಆಗುವುದಿಲ್ಲ’ ಎಂದಿದ್ದವರಲ್ಲಿ ಹೆಚ್ಚಿನವರಿಗೆ ಒಗ್ಗುವ ಒಂದು ಪ್ರಮಾಣ ಸಿಕ್ಕೇ ಸಿಗುತ್ತದೆ. ಒಂದು ಸನ್ನಿವೇಶದಲ್ಲಿ ಮಾತ್ರ ಕಾಯುವಂತಿಲ್ಲ: ನಡೆಯಲಾಗದಷ್ಟು ನಿಶ್ಶಕ್ತಿ, ಮೈಯೆಲ್ಲ ತೀವ್ರ ನೋವು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಕಂಡರೆ ತಕ್ಷಣ ಸ್ಟ್ಯಾಟಿನ್ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊಡೆತ ಕೊಡುವ ಈ ಸ್ಥಿತಿ ಅತ್ಯಂತ ವಿರಳ. ವಿರಳ ಎಂಬ ಕಾರಣಕ್ಕೆ ಮುಚ್ಚಿಡುವಂಥದ್ದಲ್ಲ.

ತಾವಾಗಿಯೇ ಮಾತ್ರೆ ಬಿಡುವುದರಲ್ಲಿ ನಮ್ಮ ದೇಶಕ್ಕೆ ವಿಶೇಷವಾದ ಇನ್ನೊಂದು ಗಂಡಾಂತರವಿದೆ, ಇದರ ಬಗ್ಗೆ ಮಾತು ಬರುವುದೇ ಅಪರೂಪ. ನಮ್ಮಲ್ಲಿ ಅಟೊರ್ವಾಸ್ಟ್ಯಾಟಿನ್ ಅಥವಾ ರೊಸುವಾಸ್ಟ್ಯಾಟಿನ್ ಅನ್ನು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಜೊತೆ ಬೆರೆಸಿ ಒಂದೇ ಕ್ಯಾಪ್ಸೂಲಿನಲ್ಲಿ ಮಾರುವುದು ರೂಢಿ. ಮೂರು ಮಾತ್ರೆಯ ಬದಲು ಒಂದೇ ಆಗುವುದರಿಂದ ಮರೆಯುವುದು ಕಡಿಮೆ, ನಿಜ. ಆದರೆ ಸ್ಟೆಂಟ್ ಹಾಕಿಸಿಕೊಂಡ ವ್ಯಕ್ತಿ ‘ಈ ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಕಾಲು ನೋವು’ ಎಂದು ಆ ಕ್ಯಾಪ್ಸೂಲ್ ಬಿಟ್ಟರೆ, ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿದ್ದ ಎರಡು ಔಷಧಿಗಳೂ ಅದರ ಜೊತೆಗೇ ನಿಂತುಹೋಗುತ್ತವೆ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಮೂರು ಹೆಸರುಗಳನ್ನು ಓದಿ ಬಿಡಿಸಿಕೊಳ್ಳಿ ಎಂದು ಅರವತ್ತು ದಾಟಿದವರಿಗೆ ಹೇಳುವುದು ನಗೆಪಾಟಲು. ‘ಇದರೊಳಗೆ ಮೂರಿವೆ, ತೊಂದರೆಯಾದರೆ ಬಿಡಬೇಡಿ, ಬನ್ನಿ’ ಎಂದು ಬರೆದುಕೊಡುವುದು ವೈದ್ಯರ ಮತ್ತು ಔಷಧಿ ಅಂಗಡಿಯವರ ಹೊಣೆ.

ಮಧುಮೇಹದ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, 13.6 ಕೋಟಿ ಮಧುಮೇಹದ ಹೊಸ್ತಿಲಲ್ಲಿರುವವರು ಇದ್ದಾರೆ ಎಂದು ಐಸಿಎಂಆರ್‌ನ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ಸ್ಟ್ಯಾಟಿನ್ ರಕ್ತದ ಸಕ್ಕರೆಯನ್ನು ತುಸು ಏರಿಸುತ್ತದೆ ಎಂಬುದು ನಿಜ. 2024ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಹೊಸ ಮಧುಮೇಹದ ಪ್ರಮಾಣ ಕಡಿಮೆ ಮತ್ತು ಮಧ್ಯಮ ತೀವ್ರತೆಯ ಸ್ಟ್ಯಾಟಿನ್‌ನಲ್ಲಿ ಶೇ 10ರಷ್ಟು, ಹೆಚ್ಚಿನ ತೀವ್ರತೆಯಲ್ಲಿ ಶೇ 36ರಷ್ಟು ಹೆಚ್ಚುತ್ತದೆ. ಆದರೆ ಆ ಹೆಚ್ಚುವರಿ ಪ್ರಕರಣಗಳಲ್ಲಿ ಸುಮಾರು ಶೇ 62ರಷ್ಟು, ಶುರುವಿನಲ್ಲೇ ಸಕ್ಕರೆ ಅತಿ ಹೆಚ್ಚಿದ್ದ ಕಾಲು ಭಾಗದ ಜನರಲ್ಲಿ ಕಂಡವು. ಅಂದರೆ ಹೊಸ್ತಿಲಲ್ಲಿ ನಿಂತಿದ್ದವರನ್ನು ಔಷಧಿ ಸ್ವಲ್ಪ ಬೇಗ ಒಳಗೆ ತಳ್ಳುತ್ತದೆ. ಮಧುಮೇಹಕ್ಕೆ ನಾವು ಹೆದರುವುದೇಕೆ? ಬಹುಮಟ್ಟಿಗೆ ಅದು ತರುವ ಹೃದಯಾಘಾತ, ಪಾರ್ಶ್ವವಾಯುವಿಗಾಗಿ. ಅವೆರಡನ್ನೂ ತಡೆಯುವ ಔಷಧಿಯನ್ನು ಸಕ್ಕರೆ ಕೆಲವು ಅಂಕಿ ಏರಿತೆಂದು ಬಿಡುವುದರಿಂದ ಅಪಾಯ ಹೆಚ್ಚಿರುವವರಿಗೆ ನಷ್ಟವೇ. ಮಾತ್ರೆ ಶುರು ಮಾಡುವ ಮುನ್ನ ಮತ್ತು ಆಮೇಲೆ ಆಗಾಗ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು, ತೂಕ ಇಳಿಸುವುದು ಇದಕ್ಕೆ ಉತ್ತರ. ಲಿವರಿನ ವಿಷಯದಲ್ಲಿ ಭಯ ಇನ್ನೂ ಕಡಿಮೆ ಸಾಕು. ಗಂಭೀರ ಹಾನಿ ಅಷ್ಟು ವಿರಳವಾದ್ದರಿಂದ ಪದೇ ಪದೇ ಲಿವರ್ ಪರೀಕ್ಷೆ ಬೇಕೆಂಬ ಸಲಹೆಯನ್ನೇ ಅಮೆರಿಕದ ನಿಯಂತ್ರಕರು 2012ರಲ್ಲಿ ಕೈಬಿಟ್ಟರು. ಫ್ಯಾಟಿ ಲಿವರ್ ಇದೆ ಎಂಬ ಒಂದೇ ಕಾರಣಕ್ಕೆ ಸ್ಟ್ಯಾಟಿನ್ ನಿರಾಕರಿಸಬೇಕಾಗಿಲ್ಲ.

‘ಇದೆಲ್ಲ ಔಷಧಿ ಕಂಪನಿಗಳ ಆಟ’ ಎಂಬ ಮಾತಿಗೂ ಬೆನ್ನು ತಿರುಗಿಸುವಂತಿಲ್ಲ. ಸೆರಿವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್‌ನಿಂದ ಸ್ನಾಯು ಕರಗಿ ಜನ ಸತ್ತಾಗ, ಬಾಯರ್ ಕಂಪನಿ ಅದನ್ನು 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಹಲವು ಪ್ರಯೋಗಗಳಿಗೆ ಹಣ ಬಂದದ್ದು ಕಂಪನಿಗಳಿಂದಲೇ, ಅವುಗಳ ಮೂಲ ದಾಖಲೆಗಳು ಇನ್ನೂ ಮುಕ್ತವಾಗಿ ಸಿಗಬೇಕು ಎಂಬ ಒತ್ತಾಯವೂ ಸರಿಯೇ. ಆದರೆ ಅಟೊರ್ವಾಸ್ಟ್ಯಾಟಿನ್ ಪೇಟೆಂಟ್ ಅಮೆರಿಕದಲ್ಲಿ 2011ರಲ್ಲೇ ಮುಗಿದಿದೆ. ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದು ಇದೆ. ಜನೌಷಧಿ ಕೇಂದ್ರದಲ್ಲಿ ಅದಕ್ಕೆ ಕೊಡುವ ಹಣ ಅಲ್ಪ. ಇಂಥ ಔಷಧಿಯನ್ನು ಮಾರಲು ದೊಡ್ಡ ಪಿತೂರಿ ನಡೆಸುವ ಲಾಭ ಈಗ ಯಾರಿಗೂ ಉಳಿದಿಲ್ಲ. ನಮ್ಮ ನಿಜವಾದ ಸಮಸ್ಯೆ ಅತಿಬಳಕೆಯೂ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಭಾಗಿಯಾಗಿದ್ದ ‘ಪ್ಯೂರ್’ ಅಧ್ಯಯನ 2011ರಲ್ಲಿ ತೋರಿಸಿದಂತೆ, ಹೃದ್ರೋಗವೋ ಪಾರ್ಶ್ವವಾಯುವೋ ಆಗಿಹೋದವರಲ್ಲಿ ಸ್ಟ್ಯಾಟಿನ್ ನುಂಗುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ಶೇ 66.5, ಭಾರತವೂ ಸೇರಿದ ಕಡಿಮೆ ಆದಾಯದ ದೇಶಗಳ ಗುಂಪಿನಲ್ಲಿ ಶೇ 3.3. ಯಾರಿಗೆ ಮಾತ್ರೆ ಬೇಕೇಬೇಕೋ ಅವರಿಗೇ ಅದು ಮುಟ್ಟಿರಲಿಲ್ಲ.

ಕಡಿಮೆ ಅಪಾಯವಿರುವವರ ವಿಷಯದಲ್ಲಿ ಟೀಕಾಕಾರರು ಹೇಳುವುದರಲ್ಲಿ ಹುರುಳಿದೆ. ಮೂವತ್ತೈದರ, ಬಿಪಿ, ಶುಗರ್, ತಂಬಾಕಿನ ಚಟ, ಮನೆತನದ ಹೃದ್ರೋಗ ಏನೂ ಇಲ್ಲದ ಆರೋಗ್ಯವಂತರಿಗೆ ಎಲ್‌ಡಿಎಲ್ ತುಸು ಹೆಚ್ಚಿದೆ ಎಂದೊಡನೆ ಮಾತ್ರೆ ಬರೆಯುವುದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸಿಗುವ ಲಾಭ ಬಹಳ ಸಣ್ಣದು. ಅಂಥವರಿಗೆ ಊಟ, ನಡಿಗೆ, ತೂಕದ ಮಾತು ಮೊದಲು. ಮಾತ್ರೆಯ ಮಾತು ಆಮೇಲೆ. ಎಪ್ಪತ್ತೈದು ದಾಟಿದ, ಹೃದ್ರೋಗ ಇಲ್ಲದವರಿಗೆ ಹೊಸದಾಗಿ ಶುರು ಮಾಡಲು ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಗರ್ಭಿಣಿಯರು ಸಾಮಾನ್ಯವಾಗಿ ನಿಲ್ಲಿಸಬೇಕು. ಇವೆಲ್ಲ ನಿಲ್ಲಿಸಲು ಅಥವಾ ಶುರು ಮಾಡದಿರಲು ಸರಿಯಾದ ಕಾರಣಗಳೇ. ಎಲ್‌ಡಿಎಲ್ 190 ದಾಟಿದವರು, ನಲವತ್ತು ದಾಟಿದ ಮಧುಮೇಹಿಗಳು, ಹೃದಯಾಘಾತವಾದವರು ಈ ರಿಯಾಯಿತಿಯೊಳಗೆ ಬರುವುದಿಲ್ಲ.

ಮಾತ್ರೆಯ ಬದಲು ಮನೆಮದ್ದು ಸಾಲದೇ ಎಂಬುದು ನಮ್ಮಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. 2022ರಲ್ಲಿ ಅಮೆರಿಕದಲ್ಲಿ 190 ಜನರ ಮೇಲೆ ನಡೆದ ಪ್ರಯೋಗವೊಂದು ಬೆಳ್ಳುಳ್ಳಿ, ದಾಲ್ಚಿನ್ನಿ, ಅರಿಶಿನ, ಮೀನೆಣ್ಣೆ ಮುಂತಾದವುಗಳ ಪೂರಕ ಮಾತ್ರೆಗಳನ್ನು ಕೇವಲ 5 ಮಿಲಿಗ್ರಾಂ ರೊಸುವಾಸ್ಟ್ಯಾಟಿನ್ ಎದುರು ಇಟ್ಟಿತು. ನಾಲ್ಕು ವಾರದಲ್ಲಿ ರೊಸುವಾಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಶೇ 38ರಷ್ಟು ಇಳಿಸಿತು. ಉಳಿದವುಗಳಲ್ಲಿ ಯಾವುದೂ ಹುಸಿ ಮಾತ್ರೆಗಿಂತ ಗಮನಾರ್ಹವಾಗಿ ಹೆಚ್ಚು ಇಳಿಸಲಿಲ್ಲ. ಸಾರಿನಲ್ಲಿ ಬೆಳ್ಳುಳ್ಳಿ ಇರಲಿ, ಅದನ್ನು ಔಷಧಿ ಎಂದು ನಂಬಿ ಮಾತ್ರೆ ಬಿಡುವುದು ಬೇಡ. ಇನ್ನು, ಕ್ರಮವಾಗಿ ಪರೀಕ್ಷಿಸಿದ ಮೇಲೂ ಸ್ಟ್ಯಾಟಿನ್ ಒಗ್ಗದವರಿಗೆ ದಾರಿ ಮುಚ್ಚಿಲ್ಲ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಅಗ್ಗದ ಮಾತ್ರೆ, ಎಲ್‌ಡಿಎಲ್ ಅನ್ನು ಐದನೇ ಒಂದು ಭಾಗದಷ್ಟು ಇಳಿಸುತ್ತದೆ. ಅರ್ಧ ಪ್ರಮಾಣದ ಸ್ಟ್ಯಾಟಿನ್ ಜೊತೆ ಸೇರಿಸಿದರೆ ಪೂರ್ತಿ ಪ್ರಮಾಣಕ್ಕೆ ಸಮನಾಗುತ್ತದೆ. ಬೆಂಪೆಡೊಯಿಕ್ ಆ್ಯಸಿಡ್ ಸ್ನಾಯುಗಳಲ್ಲಿ ಸಕ್ರಿಯವಾಗುವುದೇ ಇಲ್ಲ. ಸ್ಟ್ಯಾಟಿನ್ ಒಗ್ಗದ ಸುಮಾರು 14 ಸಾವಿರ ಜನರಲ್ಲಿ ಅದು ಹೃದಯದ ಆಪತ್ತುಗಳನ್ನು ಶೇ 13ರಷ್ಟು ಕಡಿಮೆ ಮಾಡಿತೆಂದು 2023ರಲ್ಲಿ ವರದಿಯಾಯಿತು, ಕೆಲವರಲ್ಲಿ ಗೌಟ್ ಮತ್ತು ಪಿತ್ತಕೋಶದ ಕಲ್ಲು ಹೆಚ್ಚಿದ್ದನ್ನೂ ಅದೇ ವರದಿ ಹೇಳಿತು. ಎರಡು ವಾರಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್‌ಗಳೂ ಇವೆ, ಆದರೆ ಅವುಗಳ ಬೆಲೆ ಸಾಮಾನ್ಯರ ಕೈಗೆ ನಿಲುಕದು. ಅಗ್ಗದ ಮಾತ್ರೆಯನ್ನು ಪರೀಕ್ಷಿಸದೆ ಬಿಟ್ಟವರು ಕೊನೆಗೆ ಬಂದು ನಿಲ್ಲುವುದು ಈ ದುಬಾರಿ ಬಾಗಿಲಲ್ಲಿ.

ಮಾಧ್ಯಮಗಳ ಹೊಣೆಯೂ ಸಣ್ಣದಲ್ಲ. ಡೆನ್ಮಾರ್ಕ್‌ನಲ್ಲಿ ಸ್ಟ್ಯಾಟಿನ್ ಬಗ್ಗೆ ನಕಾರಾತ್ಮಕ ಸುದ್ದಿ ಹೆಚ್ಚಿದಾಗಲೆಲ್ಲ ಬೇಗನೆ ಮಾತ್ರೆ ಬಿಡುವವರೂ ಹೆಚ್ಚಿದರು, ಹಾಗೆ ಬಿಟ್ಟವರಲ್ಲಿ ಹೃದಯಾಘಾತ ಹೆಚ್ಚು ಕಂಡಿತು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ 2013ರ ಒಂದು ಟಿವಿ ಕಾರ್ಯಕ್ರಮದ ಬಳಿಕ ಮುಂದಿನ ತಿಂಗಳುಗಳಲ್ಲಿ ಸುಮಾರು 60 ಸಾವಿರ ಜನ ಸ್ಟ್ಯಾಟಿನ್ ಕೊಳ್ಳಲಿಲ್ಲ ಎಂದು ಅಂದಾಜಿಸಲಾಯಿತು. ನಮ್ಮಲ್ಲಿ ಆ ಪಾತ್ರವನ್ನು ವಾಟ್ಸ್‌ಆ್ಯಪ್ ವಹಿಸಿಕೊಂಡಿದೆ; ಅಂಥ ಲೆಕ್ಕವನ್ನು ಇಡುವವರಿಲ್ಲ. ಆದರೂ ಸುದ್ದಿಯ ಬಾಯಿ ಕಟ್ಟುವುದು ಮದ್ದಲ್ಲ. ಓಪಿಡಿಯ ಗದ್ದಲದಲ್ಲಿ ಕೆಲವೇ ನಿಮಿಷ ಸಿಗುವ ರೋಗಿಗೆ ಮಾತ್ರೆ ಏಕೆ, ಎಲ್ಲಿಯವರೆಗೆ, ಏನಾದರೆ ಏನು ಮಾಡಬೇಕು ಎಂದು ಹೇಳದೆ ಕಳಿಸಿದರೆ, ಆ ಖಾಲಿ ಜಾಗವನ್ನು ವಾಟ್ಸ್‌ಆ್ಯಪ್ ತುಂಬಿಯೇ ತುಂಬುತ್ತದೆ. ಆದ್ದರಿಂದ ಚೀಟಿಯಲ್ಲಿ ಔಷಧಿಯ ಹೆಸರಿನ ಕೆಳಗೆ ಇನ್ನೂ ನಾಲ್ಕು ಸಾಲು ಕನ್ನಡದಲ್ಲಿ ಇರಬೇಕು: ನಿಮ್ಮ ಎಲ್‌ಡಿಎಲ್ ಗುರಿ ಎಷ್ಟು, ಮುಂದಿನ ರಕ್ತಪರೀಕ್ಷೆ ಯಾವಾಗ, ಅಂದರೆ ಶುರುವಾದ ನಾಲ್ಕರಿಂದ ಹನ್ನೆರಡು ವಾರದೊಳಗೆ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಉಳಿದ ತೊಂದರೆಗೆ ಮಾತ್ರೆ ಬಿಡುವ ಮುನ್ನ ಯಾರನ್ನು ಕೇಳಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳು ಬಿಪಿ, ಶುಗರ್ ಕಾರ್ಡಿಗೆ ಕೊಡುವ ಗಮನವನ್ನೇ ಈ ನಾಲ್ಕು ಸಾಲಿಗೂ ಕೊಡಲಿ. ರೋಗಿಗಳೂ ತಮ್ಮ ಹಕ್ಕನ್ನು ಬಳಸಲಿ. ಮಾತ್ರೆ ಬೇಡವೆನ್ನುವ ಸ್ವಾತಂತ್ರ್ಯ ಖಂಡಿತ ಅವರದ್ದೇ, ಅದನ್ನು ಯಾರೂ ಕಿತ್ತುಕೊಳ್ಳಲಾಗದು. ಆದರೆ ಬೇಡ ಎನ್ನುವ ಮೊದಲು ನಿಲ್ಲಿಸಿ ನೋಡಿದ್ದೇವೆ, ಮತ್ತೆ ನುಂಗಿ ನೋಡಿದ್ದೇವೆ, ಪ್ರಮಾಣ ಇಳಿಸಿ ನೋಡಿದ್ದೇವೆ, ಬೇರೆಯದನ್ನು ಪ್ರಯತ್ನಿಸಿದ್ದೇವೆ ಎಂದು ಹೇಳುವಂತಿರಬೇಕು. ಅಷ್ಟಾದ ಮೇಲೂ ಬೇಡ ಎಂದರೆ ಅದು ತಿಳಿದು ಮಾಡಿದ ತೀರ್ಮಾನ, ವೈದ್ಯರೂ ಅದನ್ನು ಗೌರವಿಸಿ ಮುಂದಿನ ದಾರಿ ತೋರಿಸಬೇಕು.